ಹೆಣಾ ತೋರ್ಸಿದ್ರ ಅಷ್ಟ ರೊಕ್ಕ

ನಮಸ್ಕಾರ್ರೀ. 2025ರ ಸೆಪ್ಟೆಂಬರದಾಗ ಸೀನಾ ಹೊಳಿ ಉಕ್ಕಿ ಮಾಢಾ, ಮೋಹೋಳ, ನಮ್ಮ ದಕ್ಷಿಣ ಸೋಲಾಪುರ ಎಲ್ಲಾ ನೀರಾಗ ನಿಂತಿದ್ದು ನೆನಪೈತಲ್ರೀ? ಆವಾಗ ನಮ್ಮ ಮಹಾರಾಷ್ಟ್ರ ಸರ್ಕಾರ ಸತ್ತ ದನಕ್ಕ ಪರಿಹಾರದ ಒಂದು ದರಾ ಹೇಳ್ತು. ಹಿಂಡೋ ಆಕಳ, ಎಮ್ಮಿ ಸತ್ರ 37,500. ಎತ್ತಿಗೆ 32,000. ಕುರಿ, ಆಡಿಗೆ 4,000. ಕೋಳಿಗೆ 100. ಇದು ಮುಂಬೈದವರು ಮನಸ್ಸಿಗೆ ಬಂದಂಗ ಬರ್ದಿದ್ದಲ್ಲ. 2022ರಿಂದ ವಿಪತ್ತು ನಿಧಿಗೆ ಕೇಂದ್ರ ಹಾಕಿಕೊಟ್ಟ ದರ. ಅದರ ಪ್ರಕಾರ ಒಂದು ಮನಿಗೆ ಮೂರ ಹೈನದ ದನಕ್ಕಷ್ಟ ರೊಕ್ಕ. ಅಕ್ಟೋಬರದಾಗ ಪರಿಹಾರದ ಪ್ಯಾಕೇಜ್ ಹೇಳುವಾಗ ಮುಖ್ಯಮಂತ್ರಿ ಫಡಣವೀಸ್ ಅವರು ಆ ಮೂರರ ಮಿತಿ ತೆಗೆದ್ರು. ಛಲೋ ಕೆಲಸ, ಛಲೋ ಅಂತೀನಿ.

ಮುಂದ ಎಲ್ಲಾರೂ ದರದ ಮ್ಯಾಲೆ ಜಗಳ ತೆಗಿತಾರ. 37,500ಕ್ಕ ಇವತ್ತು ಎಂಥಾ ಎಮ್ಮಿ ಬರ್ತೈತಿ ಅಂತ ಸಂತಿಗೆ ಹೋದವರಿಗೆ ಗೊತ್ತು. ಖರೆ ಮಾತು. ಆದ್ರ ನನ್ನ ತಕರಾರು ಬ್ಯಾರೆ.

ಆ ರೊಕ್ಕ ಬರಬೇಕಂದ್ರ ಪಂಚನಾಮಾ ಆಗ್ಬೇಕು. ತಲಾಠಿ, ಅಂದ್ರ ಊರ ಲೆಕ್ಕದ ಅಧಿಕಾರಿ ಬರ್ಬೇಕು, ದನದ ಡಾಕ್ಟರ್ ನೋಡ್ಬೇಕು, ಫೋಟೋ ಬೇಕು. ನೋಡಾಕ ದನಾ ಎಲ್ಲೈತ್ರಿ? ನಡುರಾತ್ರಿ ಕೊಟ್ಟಿಗಿಗೆ ನೀರು ಹೊಕ್ಕಾಗ ಶಾಣ್ಯಾ ರೈತ ಮೊದಲ ಮಾಡೋದು ಕಣ್ಣಿ ಕೊಯ್ಯೋದು. ಈಜಿ ಬದುಕ್ಕೊಳ್ಳಿ ಅಂತ. ಕಟ್ಟಿದ ಗೂಟದಾಗ ಸತ್ತಿದ್ರ ಪಂಚನಾಮಾ ಸಲೀಸು. ಬದುಕ್ಲಿ ಅಂತ ಬಿಟ್ಟವನ ಕೈಯಾಗ ಪುರಾವೆ ಇಲ್ಲ. ಇದೆಂಥಾ ನ್ಯಾಯ್ರಿ?

ಅದರಾಗ ನಾವು ಗಡಿಯವರು. ಸೀನಾ ಹತ್ತರಸಂಗ ಕೂಡಲದಾಗ ಭೀಮಾ ಸೇರ್ತಾಳ, ಭೀಮಾ ಕರ್ನಾಟಕದ ಇಂಡಿ, ಅಫಜಲಪುರದ ಕಡಿ ಹೊಳ್ಳತಾಳ. ಇಲ್ಲಿ ಬಿಟ್ಟ ದನಾ ಅಲ್ಲಿ ದಂಡಿಗೆ ಹತ್ತಿದ್ರ ಆ ಊರವರು ನಾತಕ್ಕ ಅಂಜಿ ಕುಣಿ ತೋಡಿ ಮುಚ್ತಾರ. ಅವರದೇನೂ ತಪ್ಪಿಲ್ಲ. ಆದ್ರ ಇಲ್ಲಿ ತಲಾಠಿ ಆ ದಂಡಿಗೆ ಹೋಗಂಗಿಲ್ಲ, ಅಲ್ಲಿಯವರು ನಮ್ಮ ಹೆಸರು ಬರ್ಕೊಳ್ಳಂಗಿಲ್ಲ.

ನಮ್ಮ ಓಣ್ಯಾಗ ಒಬ್ಬಾಕಿ ಕಾಕು ಅದಾಳ. ಪ್ಲಾಸ್ಟಿಕ್ ಚೀಲದಾಗ ಡೇರಿ ಚೀಟಿ ಸುತ್ತಿ ಇಟ್ಟಾಳ. ತಾರೀಖು, ಲೀಟರ್, ಫ್ಯಾಟು, ರೇಟು, ದಿನಕ್ಕ ಎರಡು ಚೀಟಿ. ನೀರು ಬಂದ ದಿನದ ತನಕಾ ಅದಾವ, ಮುಂದ ಇಲ್ಲ. ಎಮ್ಮಿ ಇತ್ತು, ಈಗಿಲ್ಲ ಅನ್ನಾಕ ಇನ್ನೇನ್ ಬೇಕ್ರಿ? ಕಿವ್ಯಾಗ ಹಳದಿ ಬಿಲ್ಲೆ, 12 ಅಂಕಿ ನಂಬರು, ಅದನ್ನ ಹೊಡ್ದಿದ್ದ ಸರ್ಕಾರದವರ. ಯಾರ ದನಾ, ಯಾವ ಜಾತಿ, ಲಸಿ ಯಾವಾಗ, ಎಲ್ಲಾ ಕಂಪ್ಯೂಟರದಾಗ ಐತಿ. ಲಸಿ ಹಾಕುವಾಗ ಒಪ್ಪೋ ನಂಬರು ಪರಿಹಾರಕ್ಕ ಯಾಕ ಸಾಲಂಗಿಲ್ಲ?

ಸುಳ್ಳು ಬರೆಸ್ತಾರ ಅಂತ ಆಫೀಸಿನವರ ಅಂಜಿಕಿ. ಬರಗಾಲದ ಚಾರಾ ಛಾವಣ್ಯಾಗ, ಅಂದ್ರ ದನಕ್ಕ ಮೇವು ಕೊಡೋ ಶಿಬಿರದಾಗ, ಇಲ್ಲದ ದನಾ ಬರ್ಸಿದ ದೂರು ನಮ್ಮ ಜಿಲ್ಲಾದಾಗ ಬಂದಿದ್ವು, ಹೌದು. ಆದ್ರ ಆ ಛಾವಣಿ ನಡ್ಸಿದವರು ಸಂಸ್ಥಾದವರು. ಎರಡು ಎಮ್ಮಿ ಕಟ್ಟಿದಾಕಿಗೆ ಆ ಬಾಕಿ ಹಚ್ಚಬ್ಯಾಡ್ರಿ. ಬಿಲ್ಲೆ ನಂಬರು, ಆರು ತಿಂಗಳ ಡೇರಿ ಚೀಟಿ, ಊರಿನ ಇಬ್ಬರ ಸಹಿ. ಇಷ್ಟಿದ್ರ ಹೆಣಾ ಕೇಳಬಾರ್ದು ಅಂತ ಒಂದು ಜಿಆರ್, ಅಂದ್ರ ಸರ್ಕಾರಿ ಆದೇಶ ತೆಗೀರಿ. ಹೊಳಿ ದಾಟಿ ಹೋದ ದನದ ಪಂಚನಾಮಾ ಆಚಿ ದಂಡಿಯ ಡಾಕ್ಟರ್ ಮಾಡಿದ್ರೂ ನಡಿತೈತಿ ಅಂತ ಎರಡೂ ಸರ್ಕಾರ ಬರ್ಕೊಳ್ಳಲಿ.

  

ಜಿಆರ್ ಬರೋದು ಯಾವಾಗೋ. ಅಲ್ಲಿ ತನಕಾ ಇವತ್ತ ಸಂಜಿಕ ಹಿಂಡೋ ಮುಂಚೆ ಪ್ರತಿ ದನದ ಕಿವಿ ಬಿಲ್ಲೆ ನಂಬರು ಕಾಣುವಂಗ ಫೋಟೋ ಹೊಡೀರಿ. ನಿಮ್ಮ ಫೋನಿನಾಗ ಅಷ್ಟ ಇಟ್ಕೋಬ್ಯಾಡ್ರಿ, ಫೋನೂ ಹೊಳಿಗೆ ಹೋಗ್ತೈತಿ. ಪುಣೆದಾಗಿರೋ ಮಗಂಗೋ ಮಗಳಿಗೋ ವಾಟ್ಸಾಪ್ ಮಾಡಿ ಇಡ್ರಿ.