ವಿಮಾನದಲ್ಲಿ ಏನೇನು ಹೋಯಿತು?

ಅಧ್ಯಕ್ಷರೇ, ಸ್ನೇಹಿತರೇ,

ಬೆಳಗಿನಿಂದ ಈ ಸಭೆಯಲ್ಲಿ ಐವರು ರಕ್ತಸಾಕ್ಷಿಗಳ ಮಾತೇ ನಡೆದಿದೆ. ಈಕ್ವೆಡಾರ್ ಕಾಡು, ಕುರರಾಯ್ ನದಿಯ ಮರಳು ದಂಡೆ, 1956ರ ಜನವರಿ 8. ಕಾಡಿನ ವಾವೊರಾನಿ ಬುಡಕಟ್ಟಿನವರಿಗೆ ಸುವಾರ್ತೆ ಸಾರಲು ಪುಟ್ಟ ವಿಮಾನದಲ್ಲಿ ಹೋದ ಐವರು ಅಮೆರಿಕನ್ ಮಿಷನರಿಗಳು ಅವರ ಈಟಿಗೆ ಬಲಿಯಾದರು. ಆ ಕಥೆ ನಿಮಗೆಲ್ಲ ಗೊತ್ತಿದೆ, ವಿವರವಾಗಿ ಮತ್ತೆ ಹೇಳುವುದಿಲ್ಲ. ನನ್ನ ಪ್ರಶ್ನೆ ಬೇರೆ. ಆ ಪುಟ್ಟ ವಿಮಾನದಲ್ಲಿ ಏನೇನು ಹೋಯಿತು?

ಸಣ್ಣ ವಿಮಾನದಲ್ಲಿ ಪ್ರತಿ ಕಿಲೋಗೂ ಲೆಕ್ಕ. ಸಾಮಾನಷ್ಟೇ ಅಲ್ಲ, ಹತ್ತುವವರನ್ನೂ ತೂಕ ಹಾಕುತ್ತಾರೆ. ನನ್ನನ್ನು ಹತ್ತಿಸಿದರೆ ಅಕ್ಕಿ ಮೂಟೆಯೊಂದು ಇಳಿಯಬೇಕಾಗುತ್ತದೆ. ನಗಬೇಡಿ, ಮುಂದಿನ ಸಾಲಿನಲ್ಲೂ ನನ್ನ ಜೊತೆಗಾರರು ಕಾಣುತ್ತಿದ್ದಾರೆ! ಒಂದನ್ನು ಹತ್ತಿಸಬೇಕಾದರೆ ಇನ್ನೊಂದನ್ನು ಬಿಡಬೇಕು, ಅಲ್ವಾ? ಅದಕ್ಕೇ ಹೇಳುವುದು, ಸಾಮಾನಿನ ಪಟ್ಟಿ ತೋರಿಸಿ, ಕಳಿಸಿದವರ ಮನಸ್ಸು ಹೇಳುತ್ತೇನೆ.

ಆ ಐವರಲ್ಲಿ ಒಬ್ಬನಾದ ಪೈಲಟ್ ನೇಟ್ ಸೇಂಟ್ ಇದ್ದದ್ದು ಶೆಲ್ ಮೇರಾದಲ್ಲಿ. ಹೆಸರಿನಲ್ಲೇ ಇದೆ ನೋಡಿ, ಶೆಲ್ ಎಣ್ಣೆ ಕಂಪನಿ ಬಿಟ್ಟುಹೋದ ನೆಲೆ ಅದು. ಆತ ಒಂದು ಉಪಾಯ ಕಂಡುಹಿಡಿದ. ವಿಮಾನದಿಂದ ಉದ್ದನೆಯ ಹಗ್ಗ, ತುದಿಗೆ ಬಕೆಟ್ಟು. ವಿಮಾನ ಬಿಗಿಯಾಗಿ ಸುತ್ತುತ್ತಲೇ ಇರಬೇಕು. ಆಗ ಕೆಳಗಿನ ಬಕೆಟ್ಟು ಬಾವಿಗೆ ಇಳಿಬಿಟ್ಟ ಕೊಡದ ಹಾಗೆ ಹೆಚ್ಚುಕಮ್ಮಿ ಒಂದೇ ಕಡೆ ನಿಲ್ಲುತ್ತದೆ. 1955ರ ಅಕ್ಟೋಬರ್‌ನಲ್ಲಿ ವಾವೊರಾನಿ ಜನರಿಗೆ ಮೊದಲು ಇಳಿಸಿದ್ದು ಒಂದು ಅಲ್ಯೂಮಿನಿಯಂ ಕೆಟಲ್. ಆಮೇಲೆ ಮಚ್ಚು, ಬಟ್ಟೆ. ಕೆಲವು ವಾರಗಳಲ್ಲಿ ಕೆಳಗಿನಿಂದಲೂ ಉಡುಗೊರೆ ಹಗ್ಗ ಹತ್ತಿತು. ಗರಿಯ ಕಿರೀಟ ಬಂತು. ಒಂದು ಸಲ ಜೀವಂತ ಗಿಳಿಯೇ ಬಂತು! ಕೊಟ್ಟಿದ್ದಕ್ಕೆ ಮರಳಿ ಕೊಡುವ ಮರ್ಯಾದೆ ಅವರಿಗೂ ಇತ್ತು. ಈ ಗಿಳಿಯ ಬಗ್ಗೆ ನಾನು ಗಂಟೆಗಟ್ಟಲೆ ಮಾತಾಡಬಲ್ಲೆ. ಸಂಘಟಕರು ಆಗಲೇ ಚೀಟಿ ಕಳಿಸಿದ್ದಾರೆ, ಇರಲಿ.

ಒಂದು ಮಾತು. ಬಕೆಟ್ಟಿನಲ್ಲಿ ಮಚ್ಚು ಹೋಯಿತು, ಮಾತು ಹೋಗಲಿಲ್ಲ. ಅವರ ಭಾಷೆಯ ಕೆಲವು ವಾಕ್ಯಗಳನ್ನು ಮೇಲಿನಿಂದ ಕೂಗಿದ್ದು ನಿಜ. ಕೂಗಿದರೆ ಮಾತಾಯಿತೇ? ನೀವು ಯಾರು, ಯಾಕೆ ಬಂದಿರಿ ಅಂತ ಕೆಳಗಿನವರು ಕೇಳುವ ದಾರಿಯೇ ಇರಲಿಲ್ಲ.

ಇನ್ನು 1958ಕ್ಕೆ ಬನ್ನಿ. ನೇಟ್‌ನ ಅಕ್ಕ ರೇಚಲ್ ಸೇಂಟ್, ಸತ್ತವರಲ್ಲಿ ಒಬ್ಬನ ಹೆಂಡತಿ ಎಲಿಸಬೆತ್ ಎಲಿಯಟ್, ಆಕೆಯ ಮೂರು ವರ್ಷದ ಮಗಳು, ಮೂವರೂ ಅದೇ ಜನರ ನಡುವೆ ಹೋಗಿ ನೆಲೆಸಿದರು. ಹೋದದ್ದು ವಿಮಾನದಲ್ಲಲ್ಲ. ಕಾಡಿನ ದಾರಿ, ನದಿಯ ದಾರಿ. ಅದೂ ಕರೆದ ಮೇಲೆ. ಕರೆ ತಂದವಳು ದಾಯುಮಾ, ಹಿಂದೆ ಅಲ್ಲಿಂದ ತಪ್ಪಿಸಿಕೊಂಡು ಬಂದಿದ್ದ ವಾವೊರಾನಿ ಹೆಣ್ಣು. ನಮ್ಮ ಸಭೆಗಳಲ್ಲಿ ಐವರು ಗಂಡಸರ ಫೋಟೋ ಇರುತ್ತದೆ, ದಾಯುಮಾಳ ಫೋಟೋ ಎಲ್ಲಿ? ಈಟಿ ಹಿಡಿದು ಒಬ್ಬರನ್ನೊಬ್ಬರು ಕೊಲ್ಲುವುದು ಆಮೇಲೆ ಬಹಳ ಕಡಿಮೆಯಾಯಿತು. ವಾವೊರಾನಿಗಳೇ ಹಾಗೆ ಹೇಳುತ್ತಾರೆ. ಅದನ್ನು ಅಲ್ಲಗಳೆಯುವವನು ನಾನಲ್ಲ.

ಆದರೆ ಪಟ್ಟಿ ಅಲ್ಲಿಗೇ ಮುಗಿಯಲಿಲ್ಲ. ಚದುರಿ ಬಾಳುತ್ತಿದ್ದ ಗುಂಪುಗಳನ್ನು ಮಿಷನರಿಗಳು ಒಂದು ಕಡೆ ಸೇರಿಸಿದರು. 1969ರಲ್ಲಿ ಅಲ್ಲಿ ಪೋಲಿಯೋ ಹರಡಿತು. ಹತ್ತಕ್ಕೂ ಜಾಸ್ತಿ ಜನ ಸತ್ತರು, ಇನ್ನೆಷ್ಟೋ ಜನರ ಕೈಕಾಲು ಹೋಯಿತು. ಇತ್ತ ಜನ ಖಾಲಿ ಮಾಡಿದ ಕಾಡಿಗೆ ಎಣ್ಣೆ ಕಂಪನಿಗಳು ಬಂದವು. ಎಲ್ಲವನ್ನೂ ಒಂದೇ ವಿಮಾನದ ತಲೆಗೆ ಕಟ್ಟಬೇಡಿ. ಆದರೆ ಸುವಾರ್ತೆಯನ್ನು ಮಾತ್ರ ಪಟ್ಟಿಯಲ್ಲಿ ಬರೆದು ಉಳಿದದ್ದನ್ನು ಬಿಡಲೂ ಬೇಡಿ.

ಇನ್ನೊಂದು ಚೀಟಿ ಬಂತು. ಪಪುವಾ ನ್ಯೂಗಿನಿಯ ಭಾಗ ಬಿಡುತ್ತೇನೆ. ಮಿಷನರಿ ವಿಮಾನ ಹಾರಿಸಿದ ಬೆಟ್ಟಿ ಗ್ರೀನ್ ಅನ್ನುವ ಮಹಿಳಾ ಪೈಲಟ್ ಬಗ್ಗೆಯೂ ಹೇಳಬೇಕಿತ್ತು, ಹೆಸರಾದರೂ ಕಿವಿಗೆ ಬಿದ್ದಿರಲಿ. ಕೊನೆಗೆ ವಾವೊರಾನಿಗಳ ಇತ್ತೀಚಿನ ಮಾತು. 2019ರಲ್ಲಿ ಈಕ್ವೆಡಾರ್‌ನ ಪಾಸ್ತಾಸಾ ಪ್ರಾಂತದ ವಾವೊರಾನಿಗಳು ತಮ್ಮ ಕಾಡನ್ನು ಎಣ್ಣೆಗಾಗಿ ಹರಾಜು ಹಾಕುವುದರ ವಿರುದ್ಧ ಕೋರ್ಟಿಗೆ ಹೋಗಿ ಗೆದ್ದರು. ಮುಂದೆ ನಿಂತವಳು ಅವರದೇ ನಾಯಕಿ ನೆಮೊಂಟೆ ನೆನ್ಕಿಮೊ. ವಾವೊರಾನಿಗಳ ನೆಂಟರಾದ ತಗಾಯೇರಿ, ತರೊಮೆನಾನೆ ಗುಂಪುಗಳು ಇವತ್ತಿಗೂ ಹೊರಗಿನವರ ಸಹವಾಸ ಬೇಡ ಅಂತಲೇ ಕಾಡಿನೊಳಗೆ ಇವೆ. ಅವರ ಮೇಲೆ ಬಕೆಟ್ಟು ಇಳಿಬಿಡಬೇಕು ಅನ್ನುವವರು ಈ ಸಭೆಯಲ್ಲಿದ್ದರೆ ಊಟದ ಹೊತ್ತಿಗೆ ಸಿಗಿ, ಅಲ್ಲೇ ಜಗಳ ಆಡೋಣ.