ತೆಳು ತಗಡಿನ ಕಾವಲು

ಕೇಳುಗರೆಲ್ಲರಿಗೂ ನಮಸ್ಕಾರ.

1983ರ ಜೂನ್ ತಿಂಗಳಲ್ಲಿ ಅಮೆರಿಕದ ಚಾಲೆಂಜರ್ ನೌಕೆ ಬಾಹ್ಯಾಕಾಶದಿಂದ ಮರಳಿ ಬಂತು. ಅದರ ಕಿಟಕಿ ಗಾಜಿನಲ್ಲಿ ಒಂದು ಪುಟ್ಟ ಗುಳಿ ಬಿದ್ದಿತ್ತು. ಪರೀಕ್ಷೆ ಮಾಡಿ ನೋಡಿದರೆ, ಅದು ಬಣ್ಣದ ಚಕ್ಕೆಯೊಂದು ಬಡಿದು ಆದ ಗಾಯ. ಒಂದು ಮಿಲಿಮೀಟರಿಗಿಂತ ಎಷ್ಟೋ ಚಿಕ್ಕ ಚಕ್ಕೆ! ಆ ಗಾಜನ್ನೇ ಬದಲಾಯಿಸಬೇಕಾಯಿತು.

ಬಣ್ಣದ ಚೂರಿಗೆ ಇಷ್ಟು ಶಕ್ತಿ ಬರುವುದು ವೇಗದಿಂದ. ಭೂಮಿಗೆ ಹತ್ತಿರದ ಕಕ್ಷೆಯಲ್ಲಿ ಎಲ್ಲವೂ, ಹಳೆಯ ಉಪಗ್ರಹ, ರಾಕೆಟ್‌ಗಳಿಂದ ಉದುರಿದ ಇಂಥ ಬಾಹ್ಯಾಕಾಶ ಕಸದ ಚೂರುಗಳೂ ಸೇರಿ, ಸೆಕೆಂಡಿಗೆ ಏಳೆಂಟು ಕಿಲೋಮೀಟರ್ ವೇಗದಲ್ಲಿ ಸುತ್ತುತ್ತವೆ. ಒಂದರ ದಾರಿಗೆ ಇನ್ನೊಂದು ಅಡ್ಡ ಬಂದರೆ ಡಿಕ್ಕಿಯ ವೇಗ ಸರಾಸರಿ 10 ಕಿಲೋಮೀಟರ್ ಆಗುತ್ತದೆ, ಅದೂ ಒಂದೇ ಸೆಕೆಂಡಿಗೆ. ಆ ವೇಗದಲ್ಲಿ ಬರುವ ಒಂದು ಗ್ರಾಂ ಲೋಹ, ಒಂದು ಟನ್ ತೂಕದ ಕಾರು ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಬಂದು ಗುದ್ದಿದಷ್ಟೇ ಶಕ್ತಿ ಹೊತ್ತು ತರುತ್ತದೆ. ಅದಷ್ಟೂ ಬೀಳುವುದು ಒಂದು ಚುಕ್ಕಿಯಷ್ಟು ಜಾಗದ ಮೇಲೆ.

ಹಾಗಾದರೆ ಗೋಡೆಯನ್ನು ದಪ್ಪ ಮಾಡಿದರಾಯಿತು ಅಲ್ವಾ? ಆದರೆ ಅಷ್ಟು ಭಾರವನ್ನು ಯಾವ ರಾಕೆಟ್ ಹೊರುತ್ತದೆ? ಇದಕ್ಕೆ ದಾರಿ ತೋರಿಸಿದವರು ಅಮೆರಿಕದ ಖಗೋಳ ವಿಜ್ಞಾನಿ ಫ್ರೆಡ್ ವ್ಹಿಪಲ್. ಅದು 1947. ಮೊದಲ ಉಪಗ್ರಹ ಹಾರಲು ಇನ್ನೂ ಹತ್ತು ವರ್ಷ ಇತ್ತು. ಅವರ ತಲೆಯಲ್ಲಿದ್ದದ್ದು ಉಲ್ಕೆಯ ಕಣಗಳು. ನೌಕೆಯ ಗೋಡೆಯಿಂದ ಸ್ವಲ್ಪ ದೂರದಲ್ಲಿ ಒಂದು ತೆಳ್ಳನೆಯ ತಗಡು ನಿಲ್ಲಿಸಿ, ನಡುವೆ ಜಾಗ ಖಾಲಿ ಬಿಡಿ ಎಂದರು ಅವರು. ಈ ಯೋಚನೆ ನನಗೆ ಇವತ್ತಿಗೂ ಬೆರಗು ಹುಟ್ಟಿಸುತ್ತದೆ.

ತಗಡು ಚೂರನ್ನು ತಡೆಯುವುದಿಲ್ಲ. ಅದನ್ನು ಪುಡಿ ಮಾಡುತ್ತದೆ. ಬಡಿದ ಕ್ಷಣದಲ್ಲಿ ಏಳುವ ಆಘಾತದ ಅಲೆಗೆ ಚೂರು ಒಡೆದು, ಕರಗಿ, ಸ್ವಲ್ಪ ಭಾಗ ಆವಿಯೂ ಆಗುತ್ತದೆ. ಆ ಪುಡಿ ಖಾಲಿ ಜಾಗದಲ್ಲಿ ಮೋಡದಂತೆ ಹರಡಿಕೊಂಡು ಹಿಂದಿನ ಗೋಡೆಗೆ ಬೀಳುತ್ತದೆ. ಏಟು ಅಗಲವಾಗಿ ಹಂಚಿಹೋಗುವುದರಿಂದ ಗೋಡೆ ತಾಳಿಕೊಳ್ಳುತ್ತದೆ. ಇಲ್ಲೊಂದು ವಿಚಿತ್ರ ಇದೆ. ಸೆಕೆಂಡಿಗೆ ಮೂರು ಕಿಲೋಮೀಟರಿಗಿಂತ ನಿಧಾನವಾಗಿ ಬಂದ ಚೂರು ಪುಡಿಯಾಗುವುದಿಲ್ಲ. ತಗಡನ್ನು ತೂತು ಮಾಡಿ ಇಡಿಯಾಗಿಯೇ ಒಳಗೆ ನುಗ್ಗುತ್ತದೆ. ಹಾಗಾಗಿ ಕೆಲವು ಸಲ ವೇಗದ ಚೂರಿಗಿಂತ ನಿಧಾನದ ಚೂರೇ ಜಾಸ್ತಿ ಅಪಾಯ.

ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಅಮೆರಿಕನ್ ಪ್ರಯೋಗಾಲಯವನ್ನೇ ನೋಡಿ. ಅದರ ಹೊರ ತಗಡಿನ ದಪ್ಪ ಬರೀ 2 ಮಿಲಿಮೀಟರ್. ಸುಮಾರು 11 ಸೆಂಟಿಮೀಟರ್ ಒಳಗೆ, 5 ಮಿಲಿಮೀಟರಿಗೂ ಕಡಿಮೆ ದಪ್ಪದ ಗೋಡೆ. ನಡುವೆ ಸೆರಾಮಿಕ್ ನೂಲಿನ ಬಟ್ಟೆ, ಅದರ ಹಿಂದೆ ಗುಂಡು ನಿರೋಧಕ ಅಂಗಿಗೆ ಬಳಸುವ ಕೆವ್ಲಾರ್. ಗಗನಯಾತ್ರಿಗಳ ಉಸಿರು ನಿಂತಿರುವುದು ಇಷ್ಟರ ಮೇಲೆ.

ಆದರೂ ಇದು ತಾಳುವುದು ಹೆಚ್ಚೆಂದರೆ ಒಂದು ಸೆಂಟಿಮೀಟರ್ ಗಾತ್ರದ ಚೂರನ್ನು. ಹತ್ತು ಸೆಂಟಿಮೀಟರಿಗಿಂತ ದೊಡ್ಡವು ರೇಡಾರಿಗೆ ಕಾಣುತ್ತವೆ. ಅವು ಬರುವ ಸುಳಿವು ಸಿಕ್ಕರೆ ನಿಲ್ದಾಣವನ್ನೇ ಪಕ್ಕಕ್ಕೆ ಸರಿಸುತ್ತಾರೆ. ನಡುವಿನ ಗಾತ್ರದವುಗಳದ್ದೇ ಕಷ್ಟ. ಅವುಗಳಲ್ಲಿ ಹೆಚ್ಚಿನವು ಕಣ್ಣಿಗೂ ಬೀಳುವುದಿಲ್ಲ, ತಗಡಿಗೂ ಬಗ್ಗುವುದಿಲ್ಲ. 2021ರ ನವೆಂಬರಿನಲ್ಲಿ ರಷ್ಯಾ ತನ್ನದೇ ಹಳೆಯ ಉಪಗ್ರಹವನ್ನು ಕ್ಷಿಪಣಿಯಿಂದ ಒಡೆದಾಗ, ನಿಲ್ದಾಣದಲ್ಲಿದ್ದ ಏಳು ಜನ ತಮ್ಮ ನೌಕೆಗಳೊಳಗೆ ಹೋಗಿ ಕೂರಬೇಕಾಯಿತು. ಅವರಲ್ಲಿ ಇಬ್ಬರು ರಷ್ಯಾದವರೇ. ಬೇಕೆಂದೇ ಹೀಗೆ ಕಸ ಮಾಡುವುದನ್ನು ಯಾವ ದೇಶ ಮಾಡಿದರೂ ಒಪ್ಪುವುದು ನನ್ನಿಂದಾಗದು.

ನಮ್ಮ ಬೆಂಗಳೂರಿನ ಪೀಣ್ಯದಲ್ಲೂ ಇಸ್ರೋದ ಒಂದು ಕೇಂದ್ರ 2022ರಿಂದ ಈ ಕಸದ ಮೇಲೆ ಕಣ್ಣಿಟ್ಟಿದೆ. ಪಿಎಸ್‌ಎಲ್‌ವಿ ರಾಕೆಟ್ಟಿನ ಕೊನೆಯ ಹಂತವೊಂದು 2001ರಲ್ಲಿ ಕಕ್ಷೆಯಲ್ಲೇ ಸ್ಫೋಟಗೊಂಡು ಮುನ್ನೂರಕ್ಕೂ ಹೆಚ್ಚು ಚೂರಾಗಿತ್ತು. ಈಗ ಕೆಲಸ ಮುಗಿದ ಮೇಲೆ ಉಳಿದ ಇಂಧನವನ್ನು ಖಾಲಿ ಮಾಡಿಬಿಡುತ್ತಾರೆ, ಮತ್ತೆ ಸಿಡಿಯದಿರಲಿ ಎಂದು. 2024ರ ಜನವರಿ 1ರಂದು ಹಾರಿದ ಪಿಎಸ್‌ಎಲ್‌ವಿಯ ಕೊನೆಯ ಹಂತವನ್ನಂತೂ 350 ಕಿಲೋಮೀಟರ್ ಎತ್ತರಕ್ಕೆ ಇಳಿಸಿ, ಅದರಲ್ಲೇ ಪ್ರಯೋಗಗಳನ್ನೂ ನಡೆಸಿದರು. ಮಾರ್ಚ್ 21ರಂದು ಅದು ವಾತಾವರಣಕ್ಕೆ ಮರಳಿತು.

ನಮಸ್ಕಾರ.