ಬಣ್ಣವನ್ನು ಫ್ರೇಮ್ ಒಳಗೆ ಹೂಳಬೇಡಿ

ನಮಸ್ಕಾರ. ಮೊನ್ನೆ ವೀಕ್ಷಕರೊಬ್ಬರು ತಾವು ಮಾಡಿದ ಆಸ್ಕಿ ಅನಿಮೇಶನ್, ಅಂದರೆ ಕೀಬೋರ್ಡಿನ ಅಕ್ಷರಗಳಿಂದಲೇ ಬಿಡಿಸಿದ ಓಡುವ ಚಿತ್ರ, ಕಳಿಸಿದ್ದರು. ಬಿಳಿ ಹಕ್ಕಿಯೊಂದು ರೆಕ್ಕೆ ಬಡಿಯುತ್ತಾ ಹಾರುತ್ತದಂತೆ. ನನ್ನ ಟರ್ಮಿನಲ್ಲಿನ, ಅಂದರೆ ಅಕ್ಷರಗಳಲ್ಲೇ ಕೆಲಸ ಮಾಡುವ ಕಮಾಂಡ್ ಕಿಟಕಿಯ, ಹಿನ್ನೆಲೆಯೂ ಬಿಳಿ, ಹಾಗಾಗಿ ಹಕ್ಕಿ ಕಾಣಿಸಲೇ ಇಲ್ಲ. ಬಣ್ಣ ಬದಲಿಸೋಣ ಅಂತ ಫೈಲ್ ತೆರೆದರೆ, ಪ್ರತಿ ಅಕ್ಷರಕ್ಕೂ ಮೊದಲು ಬಣ್ಣ ಹಾಕುವ ಒಂದು ಎಸ್ಕೇಪ್ ಕೋಡ್, ಆಮೇಲೆ ಆ ಬಣ್ಣ ತೆಗೆಯುವ ಒಂದು ರೀಸೆಟ್ ಕೋಡ್. ಯಾವುದು ರೆಕ್ಕೆ, ಯಾವುದು ಕೊಕ್ಕು, ಒಂದೂ ತಿಳಿಯುವುದಿಲ್ಲ. ಕೇಳಿದ್ದಕ್ಕೆ "ಎಕ್ಸ್‌ಪೋರ್ಟ್ ಅಂದ್ರೆ ಹಾಗೇ ಅಲ್ವಾ?" ಅಂದರು.

ಹಾಗಲ್ಲ. ಅಕ್ಷರ ಬೇರೆ ಇಡಿ, ಬಣ್ಣ ಬೇರೆ ಇಡಿ. ಇವತ್ತು ನಾನು ಹೇಳುವುದು ಇಷ್ಟೇ.

ಎಸ್ಕೇಪ್ ಕೋಡ್ ಏನು ಅಂತ ಮೊದಲು ನೋಡಿ. ಅದು ಟರ್ಮಿನಲ್‌ಗೆ ಕೊಡುವ ಅಪ್ಪಣೆ. 1976ರ ಇಸಿಎಂಎ-48 ಮಾನದಂಡದಿಂದ ಬಂದದ್ದು, 1978ರ ವಿಟಿ100 ಟರ್ಮಿನಲ್ಲಿನಿಂದ ಎಲ್ಲ ಕಡೆ ಹರಡಿದ್ದು. ಕೋಡಿನೊಳಗೆ 31 ಅಂದರೆ ಕೆಂಪು. ಎಂಥ ಕೆಂಪು? ಅದನ್ನು ತೀರ್ಮಾನಿಸುವುದು ನೋಡುವವರ ಟರ್ಮಿನಲ್ ಥೀಮ್. 38;5 ಹಾಕಿದರೆ 256 ಬಣ್ಣ ಸಿಗುತ್ತವೆ: ಮೊದಲ 16 ಥೀಮಿನವು, ಆಮೇಲೆ 6×6×6 ಲೆಕ್ಕದಲ್ಲಿ 216, ಕೊನೆಗೆ 24 ಬೂದು ಛಾಯೆಗಳು. 38;2 ಹಾಕಿದರೆ ಟ್ರೂ ಕಲರ್, ಅಂದರೆ ಕೆಂಪು, ಹಸಿರು, ನೀಲಿಗೆ ಒಂದೊಂದು ಸಂಖ್ಯೆ ಕೊಟ್ಟು ಬೇಕಾದ ಬಣ್ಣ. ಎಲ್ಲ ಟರ್ಮಿನಲ್‌ಗಳೂ ಇದನ್ನೆಲ್ಲ ಅರ್ಥ ಮಾಡಿಕೊಳ್ಳುವುದಿಲ್ಲ. ಯಾವುದನ್ನು ಕಳಿಸಬೇಕು ಅನ್ನುವುದು ಫ್ರೇಮ್ ತೋರಿಸುವ ಹೊತ್ತಿಗೆ ಗೊತ್ತಾಗುವ ವಿಷಯ. ಅದನ್ನು ಎಕ್ಸ್‌ಪೋರ್ಟ್ ಮಾಡುವಾಗಲೇ ಗಟ್ಟಿ ಮಾಡಿಬಿಟ್ಟರೆ ಆಮೇಲೆ ಯಾರೂ ಏನೂ ಮಾಡಲಾಗದು. ಹಿಟ್ಟಿಗೆ ಕಲಸಿದ ಉಪ್ಪನ್ನು ವಾಪಸ್ ತೆಗೆಯಲು ಆಗುತ್ತದೆಯೇ?

ಒಂದು ಲೆಕ್ಕ ಹಾಕೋಣ. 80 ಕಾಲಂ, 24 ಸಾಲು ಅಂದರೆ 1,920 ಅಕ್ಷರ. ಟ್ರೂ ಕಲರ್ ಕೋಡಿನ ಮೂರೂ ಸಂಖ್ಯೆ ಮೂರಂಕಿಯದಾದರೆ ಅದೊಂದೇ 19 ಬೈಟ್. ರೀಸೆಟ್ ಕೋಡ್ ಬಿಟ್ಟು, ಅಕ್ಷರವನ್ನೂ ಸೇರಿಸಿ 20. ಒಂದು ಫ್ರೇಮ್‌ಗೆ 38,400 ಬೈಟ್! ಸೆಕೆಂಡಿಗೆ 12 ಫ್ರೇಮ್ ಓಡಿಸಿದರೆ ನಾಲ್ಕೂವರೆ ಲಕ್ಷ ಬೈಟ್ ದಾಟುತ್ತದೆ. ದೂರದ ಸರ್ವರಿನಿಂದ, ನೆಟ್‌ವರ್ಕ್ ಮೂಲಕ ಬೇರೆ ಕಂಪ್ಯೂಟರ್ ಬಳಸಲು ಬಿಡುವ ಎಸ್‌ಎಸ್‌ಎಚ್‌ನಲ್ಲಿ ನೋಡುವವರಿಗೆ ಹಕ್ಕಿ ಹಾರುವುದಿಲ್ಲ, ತೆವಳುತ್ತದೆ. ಅಕ್ಷರ ಬೇರೆ, ಬಣ್ಣ ಬೇರೆ ಇದ್ದರೆ ಪ್ಲೇಯರ್, ಅಂದರೆ ಫ್ರೇಮ್ ಓಡಿಸುವ ಪ್ರೋಗ್ರಾಂ, ಹಿಂದಿನ ಫ್ರೇಮ್ ಜೊತೆ ಹೋಲಿಸಿ ಬದಲಾದ ಜಾಗವನ್ನಷ್ಟೇ ಬರೆಯುತ್ತದೆ. ಬಣ್ಣ ಬದಲಾದಾಗ ಮಾತ್ರ ಕೋಡ್ ಕಳಿಸುತ್ತದೆ. ಸ್ಕ್ರೀನ್ ಅಳಿಸುವ ಗೋಜೂ ಇಲ್ಲ. ಮಿನುಗುವುದು ತಾನಾಗಿ ನಿಲ್ಲುತ್ತದೆ.

"ಕಂಪ್ರೆಸ್ ಮಾಡಿದರೆ ಸಣ್ಣದಾಗುತ್ತೆ" ಅನ್ನುತ್ತಾರೆ ಕೆಲವರು. ಡಿಸ್ಕಿನಲ್ಲಿ ಸಣ್ಣದಾಗುತ್ತದೆ ಸ್ವಾಮಿ. ಟರ್ಮಿನಲ್‌ಗೆ ಹೋಗುವಾಗ ಬಿಚ್ಚಲೇಬೇಕಲ್ಲ! ಪ್ರತಿ ಬೈಟನ್ನೂ ಅದು ಓದಲೇಬೇಕು. "ಎರಡೆರಡು ಫೈಲ್ ಯಾರು ಇಟ್ಟುಕೊಳ್ಳುತ್ತಾರೆ" ಅನ್ನುವವರೂ ಇದ್ದಾರೆ. ಎರಡು ಫೈಲ್ ಅಂತ ಯಾರು ಹೇಳಿದರು? ಪಟ್ಟಿಗಳನ್ನು ಸಾದಾ ಪಠ್ಯವಾಗಿ ಬರೆದಿಡುವ ಒಂದೇ ಜೇಸನ್ ಫೈಲಿನಲ್ಲಿ ಅಕ್ಷರಕ್ಕೊಂದು, ಬಣ್ಣಕ್ಕೊಂದು ಅಂತ ಎರಡು ಪಟ್ಟಿ ಇಡಿ. ಅರ್ಧ ಬ್ಲಾಕ್ ಅಕ್ಷರ ▀ ಬಳಸುವವರು ಅಕ್ಷರಕ್ಕೊಂದು, ಮುಂಬಣ್ಣಕ್ಕೊಂದು, ಹಿಂಬಣ್ಣಕ್ಕೊಂದು ಅಂತ ಮೂರು ಪಟ್ಟಿ ಇಡಿ. ಅಷ್ಟೇ ಕೆಲಸ.

ಅಂದಹಾಗೆ, ಈ ಚಾನೆಲ್‌ಗೆ ಇನ್ನೂ ಸಬ್‌ಸ್ಕ್ರೈಬ್ ಆಗದವರು ಈಗಲೇ ಆಗಿ. ಟರ್ಮಿನಲ್ ಕಲೆ ಬಗ್ಗೆ ಕನ್ನಡದಲ್ಲಿ ಮಾತಾಡುವವರು ಕಮ್ಮಿ, ನೀವು ಜೊತೆಗಿದ್ದರೆ ಇನ್ನೂ ಜಾಸ್ತಿ ಮಾಡಬಹುದು.

ಸರಿ, ವಿಷಯಕ್ಕೆ ಬರೋಣ. ಬಣ್ಣ ಒಳಗೆ ಹೂತರೆ ಸಾಲಿನ ಉದ್ದ ಅಳೆಯಲೂ ಆಗುವುದಿಲ್ಲ. ಕಣ್ಣಿಗೆ ಕಾಣದ ಕೋಡೂ ಲೆಕ್ಕಕ್ಕೆ ಸೇರಿ ಚಿತ್ರ ಓರೆಯಾಗುತ್ತದೆ. ಔಟ್‌ಪುಟ್ಟನ್ನು ಲಾಗ್ ಫೈಲಿಗೆ ತಿರುಗಿಸಿದರೆ ಬರೀ ಕಸ. ಬಣ್ಣವೇ ಬೇಡ ಅಂತ ಬಳಸುವವರು ನೋ ಕಲರ್ (NO_COLOR) ಅನ್ನುವ ಸೆಟ್ಟಿಂಗ್ ಇಟ್ಟಿದ್ದರೂ ನಿಮ್ಮ ಫ್ರೇಮ್ ಅವರ ಮಾತು ಕೇಳುವುದಿಲ್ಲ. ಬಣ್ಣ ಗುರುತಿಸುವುದು ಕಷ್ಟವಿರುವವರು ತಮಗೆ ಬೇಕಾದ ಬಣ್ಣ ಹಾಕಿಕೊಳ್ಳಲೂ ಬಿಡುವುದಿಲ್ಲ. ನೋಡುವವರ ಕೈ ಕಟ್ಟಿಹಾಕಲು ನಾವು ಯಾರು?

"ನನ್ನ ಟರ್ಮಿನಲ್‌ನಲ್ಲಿ ಚೆನ್ನಾಗಿ ಕಾಣುತ್ತೆ" ಅನ್ನಬೇಡಿ, ದಯವಿಟ್ಟು. ನಿಮಗೊಬ್ಬರಿಗೇ ಚಿತ್ರ ಬಿಡಿಸಿದ್ದರೆ ಎಕ್ಸ್‌ಪೋರ್ಟ್ ಯಾಕೆ ಮಾಡುತ್ತೀರಿ? ಒಂದೊಂದು ಅಕ್ಷರ ಕೂರಿಸಿ, ಒಂದೊಂದು ರೆಕ್ಕೆ ತಿದ್ದಿ, ರಾತ್ರಿಯೆಲ್ಲ ಕಷ್ಟಪಟ್ಟು ಕೊನೇ ಬಟನ್ನಿನಲ್ಲಿ ಎಲ್ಲವನ್ನೂ ಕಲಸಿಬಿಡುವುದಾ? ಬೇರೆ ಇಡಿ ಅಂದರೆ ಬೇರೆ ಇಡಿ! ಇದಕ್ಕೆ ಇನ್ನೊಂದು ಕಾರಣ ಬೇಕೇ? ನನಗಂತೂ ಬೇಡ.

ಮುಂದಿನ ವಿಡಿಯೋದಲ್ಲಿ ಇಂಥ ಫೈಲ್ ಓದುವ ಪುಟ್ಟ ಪ್ಲೇಯರ್ ಬರೆಯೋಣ. ಕಂಟ್ರೋಲ್ ಸಿ ಒತ್ತಿ ನಿಲ್ಲಿಸಿದರೂ ಕರ್ಸರ್ ಮತ್ತು ಬಣ್ಣ ಮೊದಲಿನಂತೆ ಆಗುವ ಹಾಗೆ ಮಾಡೋಣ. ಅಷ್ಟರಲ್ಲಿ ನಿಮ್ಮ ಫ್ರೇಮ್‌ಗಳನ್ನು ಅಕ್ಷರ ಬೇರೆ, ಬಣ್ಣ ಬೇರೆ ಮಾಡಿಟ್ಟು ನನಗೆ ಕಳಿಸಿ, ಅವನ್ನೇ ಓಡಿಸಿ ತೋರಿಸುತ್ತೇನೆ.